ಗೌಡರ ಮುಂದೆ ಎರಡು ಕಲ್ಲು

1974ರಲ್ಲಿ ನಾನು ಇಂಡಿ ತಾಲ್ಲೂಕಿನಲ್ಲಿ ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದೆ. ಕಾಗದದ ಮೇಲೆ ಹುದ್ದೆಯ ಹೆಸರು ಇದಕ್ಕಿಂತ ಉದ್ದವಿತ್ತು. ಹಳ್ಳಿಗಳಲ್ಲಿ ಮಾತ್ರ ‘ಸಾಲಿ ಸಾಹೇಬ’ ಎಂದೇ ಕರೆಯುತ್ತಿದ್ದರು. ನನ್ನ ಊರು ಬಸವನ ಬಾಗೇವಾಡಿ. ಮೊದಲು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಆಮೇಲೆ ಇಲಾಖೆಯ ಪರೀಕ್ಷೆ ಪಾಸಾಗಿ ಈ ಕೆಲಸಕ್ಕೆ ಬಂದೆ. ಬಸ್ಸು, ಸೈಕಲ್ಲು, ಚಕ್ಕಡಿ ಯಾವುದು ಸಿಕ್ಕರೆ ಅದರಲ್ಲಿ ತಿರುಗುವುದು, ಹಾಜರಿ ನೋಡುವುದು, ಮಕ್ಕಳಿಗೆ ನಾಲ್ಕು ಲೆಕ್ಕ ಕೇಳುವುದು, ವರದಿ ಬರೆಯುವುದು. ಇದರಲ್ಲಿ ಎದೆ ಬಡಿದುಕೊಳ್ಳುವಂಥದ್ದು ಏನೂ ಇರುತ್ತಿರಲಿಲ್ಲ. ಆ ಬೇಸಿಗೆಯ ಒಂದು ಸಂಜೆ ಮಾತ್ರ ಹಾಗಿರಲಿಲ್ಲ. ಅದನ್ನು ಹಲವರಿಗೆ ಹೇಳಿದ್ದೇನೆ, ಆದರೆ ಹೇಳುವ ಉತ್ಸಾಹದಲ್ಲಿ ಒಂದಿಷ್ಟು ಹಿಂದೆ ಮುಂದೆ ಆಗಿರಬಹುದು. ಈಗ ನಡೆದದ್ದನ್ನು ನಡೆದ ಕ್ರಮದಲ್ಲೇ, ನನ್ನ ಕಣ್ಣಿಗೆ ಬಿದ್ದಷ್ಟನ್ನು ಬರೆಯುತ್ತೇನೆ.

ತಾಂಬಾದಿಂದ ಆಚೆ ಒಂದು ಹಳ್ಳಿ. ಹೆಸರು ಬೇಡ, ಆ ಮನೆತನಗಳು ಇನ್ನೂ ಅಲ್ಲೇ ಇವೆ. ಊರಿಗೂ ಕುರಿಗಾರರ ಹಟ್ಟಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದು ಬರೀ ಉಸುಕು ಮತ್ತು ಬೆಣಚುಕಲ್ಲು. ಮಕ್ಕಳು ಓಡುತ್ತಲೇ ದಾಟುತ್ತಿದ್ದರು. ಮಳೆಗಾಲ ಹಿಡಿಯಿತೆಂದರೆ ದೊಡ್ಡವರೂ ಎರಡು ಸಲ ಯೋಚಿಸಬೇಕಿತ್ತು. ಶಾಲೆ ನಡೆಯುತ್ತಿದ್ದುದು ಊರಿನ ಗುಡಿಯ ಪೌಳಿಯಲ್ಲಿ. ಆದ್ದರಿಂದ ಹಟ್ಟಿಯ ಮಕ್ಕಳು ಮಳೆ ಬಿದ್ದಾಗಿನಿಂದ ದೀಪಾವಳಿಯವರೆಗೆ ಶಾಲೆ ಕಾಣುತ್ತಿರಲಿಲ್ಲ. ಬಹಳ ದಿನ ಬಾರದ ಮಗುವಿನ ಹೆಸರನ್ನು ಹಾಜರಿಯಿಂದ ತೆಗೆಯಬೇಕೆಂಬುದು ನಿಯಮ. ತೆಗೆಯುತ್ತಿದ್ದರು. ನೀರು ಇಳಿದ ಮೇಲೆ ಮತ್ತೆ ಅದೇ ತರಗತಿಗೆ ಸೇರಿಸುತ್ತಿದ್ದರು. ಹಟ್ಟಿಯ ಹಿರಿಯ ಬೀರಪ್ಪನ ಸೊಸೆ ಮಾಳವ್ವ ಹಿಂದಿನ ಭೇಟಿಯಲ್ಲಿ ನನ್ನ ಸೈಕಲ್ಲಿಗೆ ಅಡ್ಡ ನಿಂತು ಹೇಳಿದ್ದಳು: “ಸಾಹೇಬ್ರ, ನನ್ನ ಮಗಳು ಹೊನ್ನವ್ವ ಮೂರನೇ ಇಯತ್ತೆ ಓದಿ ಓದಿ ಮುದುಕಿ ಆಗ್ತಾಳ ನೋಡ್ರಿ.” ನಕ್ಕೇ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಆ ವರ್ಷ ಹಳ್ಳಿಗೆ ಎರಡು ಕೋಣೆಗಳ ಶಾಲಾ ಕಟ್ಟಡ ಮಂಜೂರಾಗಿತ್ತು. ಇಂಜಿನಿಯರು ಎರಡು ಜಾಗ ನೋಡಿ ಹೋಗಿದ್ದರು, ಊರ ಗುಡಿಯ ಹಿಂದೆ ಒಂದು, ಹಳ್ಳದಾಚೆ ಹಟ್ಟಿಯ ದಿಬ್ಬದ ಮೇಲೆ ಒಂದು. ಎರಡೂ ಗಟ್ಟಿ ನೆಲ, ಎರಡೂ ಸರಿ ಎಂದು ಬರೆದಿದ್ದರು. ಇಲಾಖೆಯ ಷರತ್ತು ಒಂದೇ: ಯಾವುದಾದರೂ ಒಂದು ಜಾಗಕ್ಕೆ ಎರಡೂ ಕಡೆಯವರು ಒಮ್ಮತದ ಠರಾವು ಕೊಡಬೇಕು, ಇನ್ಸ್‌ಪೆಕ್ಟರು ಸಾಕ್ಷಿಯಾಗಿ ಸಹಿ ಮಾಡಬೇಕು. ತಕರಾರು ಉಳಿದರೆ ಕಟ್ಟಡ ಪಟ್ಟಿಯಲ್ಲಿ ಮುಂದಿನ ಹಳ್ಳಿಗೆ ಹೋಗುತ್ತದೆ. ಹೊರಡುವಾಗ ನನ್ನ ಮೇಲಧಿಕಾರಿ ಹೇಳಿದ್ದು ಇಷ್ಟೇ, ಈ ಸಲ ಬರಿಗೈಯಲ್ಲಿ ಬರಬೇಡಿ.

ಊರಿನ ಪರವಾಗಿ ಮಾತಾಡುವವರು ಸಂಗನಗೌಡರು. ಅರವತ್ತು ದಾಟಿದವರು, ಮೆಲುದನಿ. ಅವರ ವಾದದಲ್ಲಿ ಹುರುಳಿತ್ತು: ಮಕ್ಕಳ ಸಂಖ್ಯೆ ಊರ ಕಡೆಯೇ ಹೆಚ್ಚು, ಶಾಲೆ ತಲೆಮಾರಿನಿಂದ ಗುಡಿಯಲ್ಲೇ ಇದೆ. ಹಟ್ಟಿಯವರ ವಾದ ಇನ್ನೂ ಸರಳವಾಗಿತ್ತು: ನಿಮ್ಮ ಮಕ್ಕಳು ಅಲ್ಲಿ ಇಲ್ಲಿ ಎಲ್ಲಾದರೂ ಕಲಿತಾವು, ನಮ್ಮವು ಇಲ್ಲಿ ಆದರೆ ಮಾತ್ರ ಕಲಿತಾವು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಇವೆರಡೇ ಮಾತು ತಿರುತಿರುಗಿ ಬಂದವು. ಕಡೆಗೆ ಗೌಡರು ಎದ್ದು, ರೂಢಿ ಇದ್ದಂತೆ ಆಗಲಿ ಎಂದರು. ಬೀರಪ್ಪ ಆಗಲಿ ಎಂದ. ಎಲ್ಲರೂ ಒಮ್ಮೆಲೇ ಹಗುರಾಗಿ ಮನೆಗಳಿಗೆ ಊಟಕ್ಕೆ ಹೊರಟರು. ನನಗೆ ಏನೂ ತಿಳಿಯಲಿಲ್ಲ.

ಶಾಲೆಯ ಶಿಕ್ಷಕ ಗುರಪ್ಪ ಮಾಸ್ತರರು ತಿಳಿಸಿದರು. ಅವರು ಸಿಂದಗಿ ಕಡೆಯವರು, ಇಲ್ಲಿಯ ಯಾವ ಬಣಕ್ಕೂ ಸೇರದವರು. “ಸಾಹೇಬ್ರ, ಬ್ಯಾರೆ ಊರಾಗ ಚೀಟಿ ಎತ್ತತಾರ. ಇಲ್ಲಿ ಕಲ್ಲ ಎತ್ತತಾರ,” ಎಂದರು.

ಊರು–ಹಟ್ಟಿ ನಡುವೆ ಮಾತಿನಿಂದ ಬಗೆಹರಿಯದ ವಿಷಯ ಬಂದರೆ ಹಳ್ಳದ ನಡುವಿನ ಹಾಸುಬಂಡೆಯ ಮೇಲೆ ಕೂರುತ್ತಾರೆ. ಆ ಬಂಡೆ ಆಚೆಯದೂ ಅಲ್ಲ, ಈಚೆಯದೂ ಅಲ್ಲ. ಹೊರಗಿನವನೊಬ್ಬ ಹಳ್ಳದ ಬೆಣಚುಕಲ್ಲುಗಳನ್ನು ಎರಡೂ ಬೊಗಸೆಯಲ್ಲಿ ಬಾಚಿ ಬಂಡೆಯ ಮೇಲೆ ಸುರಿಯುತ್ತಾನೆ. ಸರದಿಯ ಮೇಲೆ ಎತ್ತುತ್ತಾ ಹೋಗಬೇಕು. ಸರದಿ ಬಿಡುವಂತಿಲ್ಲ. ಕೊನೆಯ ಕಲ್ಲು ಯಾರ ಕೈಗೆ ಬಂತೋ ಅವರ ಮಾತು ನಡೆಯುತ್ತದೆ. ಮೊದಲ ಆಟ ಬರೀ ನೋಡಲಿಕ್ಕೆ; ಎರಡನೆಯ ಆಟ ತೀರ್ಪಿಗೆ. ಇಷ್ಟೇ ಆಗಿದ್ದರೆ ಇದು ಮಕ್ಕಳ ಆಟ. ಆದರೆ ಇಬ್ಬರ ಕೈಯೂ ಒಂದೇ ಅಲ್ಲ. ಗೌಡರ ಮನೆಯದು ‘ದೊಡ್ಡ ಕೈ’: ಒಂದು ಇಲ್ಲವೇ ಮೂರು ಕಲ್ಲು ಎತ್ತಬಹುದು, ಎರಡು ಎತ್ತುವಂತಿಲ್ಲ. ಹಟ್ಟಿಯದು ‘ಸಣ್ಣ ಕೈ’: ಒಂದು ಇಲ್ಲವೇ ಎರಡು, ಮೂರು ಎತ್ತುವಂತಿಲ್ಲ. ಮೂರು ಹಿಡಿಯುವ ಕೈ ಹಿರಿಯರದು, ಎರಡು ಹಿಡಿಯುವ ಕೈ ಕಿರಿಯರದು ಎಂದು ಎರಡೂ ಕಡೆಯವರು ಯಾವ ಬೇಸರವಿಲ್ಲದೆ ಒಪ್ಪಿಕೊಂಡಿದ್ದರು.

“ಹಟ್ಟಿಯವರು ಎಂದಾದ್ರೂ ಗೆದ್ದದ್ದು ಐತೇನ್ರಿ?” ಎಂದೆ.

“ನಾ ಕಂಡಿಲ್ಲರಿ. ಮುದುಕರನ್ನ ಕೇಳೇನಿ, ಅವರೂ ಕಂಡಿಲ್ಲ.”

ಕಲ್ಲು ಸುರಿಯಬೇಕಾದ ಹೊರಗಿನವನು ನಾನೇ ಎಂದು ಆಮೇಲೆ ಹೊಳೆಯಿತು. ನನ್ನ ಬೊಗಸೆಯಲ್ಲಿ ಎಷ್ಟು ಕಲ್ಲು ಬರುತ್ತದೋ ಅದರ ಮೇಲೆ ಶಾಲೆ ಯಾವ ದಂಡೆಗೆ ಎಂಬುದು ನಿರ್ಧಾರವಾಗಬಹುದು! ಇಂಥ ಆಟಗಳಲ್ಲಿ ಎಣಿಕೆಯೇ ಎಲ್ಲ ಎಂದು ಗಣಿತ ಓದಿದ ನನಗೆ ಗೊತ್ತಿತ್ತು. ಇಬ್ಬರಿಗೂ ಒಂದೇ ನಿಯಮವಿದ್ದು, ಒಂದು ಎರಡು ಮೂರು ಎಷ್ಟಾದರೂ ಎತ್ತಬಹುದು ಎಂದಿದ್ದರೆ, ನಾಲ್ಕರ ಮಗ್ಗಿಯ ಸಂಖ್ಯೆ ಯಾರ ಮುಂದೆ ಇರುತ್ತದೋ ಅವರು ಸೋತಂತೆ. ಅವರು ಎಷ್ಟು ಎತ್ತಿದರೂ ಎದುರಿನವನು ಅದನ್ನು ನಾಲ್ಕಕ್ಕೆ ತುಂಬಿಸುತ್ತ ಹೋಗುತ್ತಾನೆ. ಹಾಗೆ ಇಲ್ಲಿಯೂ ಯಾವುದೋ ಸಂಖ್ಯೆ ಊರಿಗೆ ಒಳ್ಳೆಯದು, ಯಾವುದೋ ಹಟ್ಟಿಗೆ ಒಳ್ಳೆಯದು ಇದ್ದೇ ಇರಬೇಕು. ಗೊತ್ತಿಲ್ಲದೆ ಸುರಿದು ಒಬ್ಬರಿಗೆ ಅನ್ಯಾಯ ಮಾಡುವುದಕ್ಕಿಂತ ಮೊದಲೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು ಎನಿಸಿತು.

ಬಿಸಿಲು ಇಳಿಯುವ ತನಕ ಯಾರೂ ಬರುವಂತಿರಲಿಲ್ಲ. ಪೌಳಿಯಲ್ಲಿ ಕೂತು ಮಾಸ್ತರರಿಂದ ಒಂದು ಪಾಟಿ, ಒಂದು ತುಂಡು ಬಳಪ ಇಸಿದುಕೊಂಡೆ. ಒಂದರಿಂದ ಮೇಲಕ್ಕೆ ಸಂಖ್ಯೆ ಬರೆದು, ಪ್ರತಿಯೊಂದರ ಮುಂದೆ ಎರಡು ಮನೆ ಮಾಡಿದೆ: ಇಷ್ಟು ಕಲ್ಲಿದ್ದು ದೊಡ್ಡ ಕೈಯ ಸರದಿ ಬಂದರೆ ಏನಾಗುತ್ತದೆ, ಸಣ್ಣ ಕೈಯ ಸರದಿ ಬಂದರೆ ಏನಾಗುತ್ತದೆ.

ಒಂದೇ ಕಲ್ಲಿದ್ದರೆ ಸರದಿ ಯಾರದೋ ಅವರದೇ ಗೆಲುವು. ಎರಡಿದ್ದು ಸಣ್ಣ ಕೈಯ ಸರದಿಯಾದರೆ ಎರಡನ್ನೂ ಎತ್ತಿ ಗೆಲ್ಲುತ್ತದೆ. ಆದರೆ ಎರಡಿದ್ದು ದೊಡ್ಡ ಕೈಯ ಸರದಿಯಾದರೆ? ಅದು ಎರಡು ಎತ್ತುವಂತಿಲ್ಲ, ಮೂರು ಅಲ್ಲಿಲ್ಲ. ಒಂದನ್ನೇ ಎತ್ತಬೇಕು, ಉಳಿದ ಒಂದನ್ನು ಎದುರಿನವನು ಎತ್ತುತ್ತಾನೆ. ಅಂದರೆ ದೊಡ್ಡ ಕೈಗೆ ಎರಡು ಎಂಬುದು ಸೋಲು. ಮೂರಿದ್ದರೆ ದೊಡ್ಡ ಕೈ ಒಂದೇ ಹಿಡಿಯಲ್ಲಿ ಎತ್ತಿ ಗೆಲ್ಲುತ್ತದೆ. ನಾಲ್ಕಿದ್ದರೆ ಮತ್ತೆ ಕಷ್ಟ: ಮೂರು ಎತ್ತಿದರೆ ಉಳಿಯುವ ಒಂದು ಎದುರಿನವನಿಗೆ, ಒಂದು ಎತ್ತಿದರೆ ಮೂರು ಉಳಿದು, ಸಣ್ಣ ಕೈ ಅದರಲ್ಲಿ ಒಂದನ್ನು ಎತ್ತಿ ಮತ್ತೆ ಅದೇ ಎರಡನ್ನು ದೊಡ್ಡ ಕೈಯ ಮುಂದೆ ಇಡುತ್ತದೆ. ಐದು, ಆರು, ಏಳು… ಬಳಪ ಓಡತೊಡಗಿತು. ದೊಡ್ಡ ಕೈಯ ಮನೆಯಲ್ಲಿ ‘ಸೋಲು’, ‘ಸೋಲು’, ‘ಸೋಲು’. ಸಣ್ಣ ಕೈಯ ಮನೆಯಲ್ಲಿ ‘ಗೆಲುವು’, ‘ಗೆಲುವು’. ಪಾಟಿ ತುಂಬಿತು. ಒರೆಸಿ ಮತ್ತೆ ಮೊದಲಿನಿಂದ ಬರೆದೆ. ಅದೇ ಬಂತು.

ಎದ್ದು ಪೌಳಿಯ ಉದ್ದಕ್ಕೂ ಒಂದು ಸಲ ನಡೆದು ಬಂದೆ. ನಾನು ಹುಡುಕುತ್ತಿದ್ದ ಸಂಖ್ಯೆಯೇ ಇರಲಿಲ್ಲ. ನಾಲ್ಕೋ ಅದಕ್ಕಿಂತ ಹೆಚ್ಚೋ ಕಲ್ಲಿದ್ದರೆ ಸಾಕು, ನನ್ನ ಬೊಗಸೆಯಲ್ಲಿ ಎಷ್ಟೇ ಬರಲಿ, ಯಾರೇ ಮೊದಲು ಎತ್ತಲಿ, ಸಣ್ಣ ಕೈ ಸೋಲಬೇಕಾಗಿಯೇ ಇಲ್ಲ. ಅದು ಪಾಲಿಸಬೇಕಾದ ಎಚ್ಚರ ಒಂದೇ: ದೊಡ್ಡ ಕೈಯ ಮುಂದೆ ಒಂದನ್ನಾಗಲಿ ಮೂರನ್ನಾಗಲಿ ಬಿಡಬಾರದು. ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ. ಮೂರು ಹಿಡಿಯುವ ಕೈ ದೊಡ್ಡದಲ್ಲ. ಎರಡು ಹಿಡಿಯಲಾರದ ಕೈ ಅದು!

ನನ್ನ ಮೇಲೆ ನನಗೇ ನಂಬಿಕೆ ಸಾಲದೆ ಮಾಸ್ತರರನ್ನು ಕೂರಿಸಿ, ಹುಣಸೆಬೀಜ ಸುರಿದು, ಅವರಿಗೆ ದೊಡ್ಡ ಕೈ ಕೊಟ್ಟು ಆಡಿದೆ. ಅವರು ಸೋತರು. ಬೀಜ ಹೆಚ್ಚು ಮಾಡಿ ಆಡಿದರು, ಸೋತರು. ಕಡಿಮೆ ಮಾಡಿ ಆಡಿದರು. ಕಡೆಗೆ ಬೀಜವನ್ನೆಲ್ಲ ನನ್ನ ಕಡೆ ತಳ್ಳಿ, “ದೊಡ್ಡ ಕೈ ಕೊಟ್ಟು ಕೈ ಕಟ್ಟಿ ಹಾಕಿದ್ರಲ್ಲರಿ ಸಾಹೇಬ್ರ,” ಎಂದರು. ಆಮೇಲೆ ಅವರ ಮುಖ ಬದಲಾಯಿತು. “ಹಂಗಾದ್ರ ಬೀರಪ್ಪ ಮುತ್ಯಾ ಯಾಕ ಸೋಲ್ತಾನ?”

ಅದು ನನಗೂ ಗೊತ್ತಾಗಿರಲಿಲ್ಲ. ಬೀರಪ್ಪ ಸಾವಿರ ಕುರಿಗಳ ಹಿಂಡಿನಲ್ಲಿ ಒಂದು ಕಡಿಮೆಯಾದರೂ ಕಣ್ಣಲ್ಲೇ ಹಿಡಿಯುವ ಮನುಷ್ಯ ಎಂದು ಹೆಸರು. ಅಂಥವನಿಗೆ ಐದಾರು ಕಲ್ಲುಗಳ ಲೆಕ್ಕ ತಪ್ಪುತ್ತದೆಯೇ? ಅದೂ ಪ್ರತಿ ಸಲ?

ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು, ಹಟ್ಟಿಗೆ ಹೋಗಿ ಒಂದು ಮಾತು ಕಿವಿಯಲ್ಲಿ ಹಾಕಿ ಬರಲೇ ಎಂದು ಕೇಳಿದರು. ಹೂಂ ಎನ್ನಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೊನ್ನವ್ವನ ಹೆಸರು ಹಾಜರಿಯಲ್ಲಿ ಏರುವುದೂ ಇಳಿಯುವುದೂ ಕಣ್ಣ ಮುಂದೆ ಬಂತು. ಆದರೆ ನಾನು ಸಾಕ್ಷಿ. ಸಾಕ್ಷಿಯೇ ಒಂದು ಕಡೆಗೆ ಆಟ ಹೇಳಿಕೊಟ್ಟ ಎಂದು ನಾಳೆ ಯಾರಾದರೂ ಒಂದು ಅರ್ಜಿ ಗೀಚಿದರೆ ಠರಾವು ರದ್ದಾಗುತ್ತದೆ, ಕಟ್ಟಡ ಮುಂದಿನ ಹಳ್ಳಿಗೆ ಹೋಗುತ್ತದೆ. ಊರಿಗೂ ಇಲ್ಲ, ಹಟ್ಟಿಗೂ ಇಲ್ಲ. ಬೇಡ ಎಂದೆ. ಮಾಸ್ತರರಿಂದ ಮಾತು ತೆಗೆದುಕೊಂಡೆ. ಪಾಟಿಯನ್ನು ಅಂಗೈಯಿಂದ ಒರೆಸಿ ಗೋಡೆಗೆ ಒರಗಿಸಿ ಇಟ್ಟೆ.

ಬಿಸಿಲು ಬಂಡೆಯಿಂದ ಸರಿದ ಮೇಲೆ ಎರಡೂ ದಂಡೆಗಳಿಂದ ಜನ ಇಳಿದು ಬಂದರು. ಗೌಡರು ಕಂಬಳಿಯ ಮೇಲೆ ಕೂತರು, ಆ ಕಂಬಳಿ ಹಾಸಿದವರು ಹಟ್ಟಿಯವರೇ. ಬೀರಪ್ಪ ಎದುರಿಗೆ ಬರಿ ಬಂಡೆಯ ಮೇಲೆ ಕೂತ. ನಾನು ಉಸುಕಿನಲ್ಲಿ ಕೈ ಇಳಿಸಿ ಬೊಗಸೆ ತುಂಬ ಕಲ್ಲು ಬಾಚಿ ಸುರಿದೆ. ಮಾಸ್ತರರು ಕೂಗಿ ಎಣಿಸಿದರು.

ಆಟ ಬೇಗ ಬೇಗ ನಡೆಯಿತು. ಗೌಡರು ಮೂರು ಮೂರು ಎತ್ತುವಾಗ ಕಲ್ಲುಗಳನ್ನು ಅಂಗೈಯಲ್ಲಿ ಕುಲುಕುತ್ತಿದ್ದರು; ಊರ ಕಡೆಯ ಹುಡುಗರಿಗೆ ಆ ಸದ್ದೇ ಗೆಲುವಿನ ಸದ್ದು. ಬೀರಪ್ಪನಿಗೆ ಹಿಂದಿನಿಂದ ಯಾರೋ, “ಮುತ್ಯಾ, ಕುರಿ ಎಣಿಸಿದಂಗ ಎಣಸು,” ಎಂದರು. “ಕುರಿ ತಮ್ಮ ಪಾಡಿಗೆ ತಾವ ನಿಂದರ್ತಾವಲೇ, ಕಲ್ಲ ಎದ್ದ ಹೋಗ್ತಾವ,” ಎಂದ ಬೀರಪ್ಪ. ಎಲ್ಲರೂ ನಕ್ಕರು. ಗೌಡರೂ ನಕ್ಕರು.

ಐದು ಕಲ್ಲು ಉಳಿದಾಗ ಬೀರಪ್ಪನ ಸರದಿ. ಒಂದು ಎತ್ತಿದರೆ ನಾಲ್ಕು ಉಳಿದು ಅವನ ಗೆಲುವು. ಅವನ ಬೆರಳುಗಳು ಒಂದೇ ಕಲ್ಲಿನ ಮೇಲೆ ಇಳಿದವು, ಅದನ್ನು ಹಿಡಿದವು ಕೂಡ. ಆಮೇಲೆ ಅವನು ಗೌಡರ ಮುಖ ನೋಡಿದ, ಪಕ್ಕದ ಕಲ್ಲನ್ನೂ ಸೇರಿಸಿ ಎರಡು ಎತ್ತಿದ. ಮೂರು ಉಳಿದವು. ಗೌಡರು ಬಂಡೆಯನ್ನು ಒಂದೇ ಹಿಡಿಯಲ್ಲಿ ಬರಿದು ಮಾಡಿದರು. ಊರ ಕಡೆಯಿಂದ ಸಿಳ್ಳೆ ಕೇಳಿಸಿತು.

ಇದು ಬರೀ ನೋಡಲಿಕ್ಕಿದ್ದ ಆಟ. ಎರಡನೆಯದಕ್ಕೆ ಮುಂಚೆ ಚಹಾ ಬಂತು. ನನಗೆ ಚಹಾ ಬೇಕಿರಲಿಲ್ಲ. ತಿಳಿದದ್ದನ್ನು ಹೇಳುವಂತಿಲ್ಲ, ಸರಿ. ಆದರೆ ಕಂಡದ್ದನ್ನು ಕೇಳಬಹುದಲ್ಲ? ಸಾಕ್ಷಿಗೆ ಅಷ್ಟು ಹಕ್ಕಿದೆ. ಎರಡೂ ಕಡೆಯವರ ಎದುರಿಗೇ ಕೇಳಿದೆ.

“ಮುತ್ಯಾ, ಒಂದು ಎತ್ತಾಕ ಹೋಗಿದ್ರಿ, ಎರಡು ಎತ್ತಿದ್ರಿ. ಯಾಕ್ರಿ?”

ಇಷ್ಟೂ ತಿಳಿಯದ ಸಾಹೇಬ ಎಂಬಂತೆ ಬೀರಪ್ಪ ನನ್ನನ್ನು ನೋಡಿದ. “ಕಡೀಕ ಮೂರು ಬಿಡಬೇಕಲ್ಲರಿ. ಗೌಡ್ರ ಕೈ ತುಂಬಬೇಕು.”

“ಬಿಡದಿದ್ದರ?”

“ಒಂದು ಬಿಡೂದು ಭಿಕ್ಷಾ ಹಾಕಿದಂಗ. ಎರಡು ಬಿಟ್ರಂತೂ ಅವರು ಒಂದು ಎತ್ತಿ ಒಂದು ಅಲ್ಲೇ ಬಿಡಬೇಕಾಗತೈತಿ. ಉಣ್ಣೂ ಹಿರ್ಯಾರನ್ನ ಅರ್ಧಾ ಊಟದಾಗ ಎಬ್ಬಿಸಿದಂಗ್ರಿ. ನಮ್ಮಪ್ಪ ಬಿಟ್ಟಿಲ್ಲ, ಅವರಪ್ಪ ಬಿಟ್ಟಿಲ್ಲ.”

“ಮತ್ತ ಸೋಲೂದು?”

“ಸೋಲೂದು ನಮ್ಮ ಕೈ ಸಣ್ಣದಂತ್ರಿ. ಅದಕ್ಕ ಯಾರೇನ ಮಾಡ್ತಾರ?”

ಮಾಸ್ತರರು ನನ್ನ ಕಡೆ ನೋಡಿದರು. ನಾನು ನೋಡಿದ್ದು ಗೌಡರನ್ನು. ಅವರು ಚಹಾದ ಬಸಿಯನ್ನು ಬಾಯಿಯ ಹತ್ತಿರ ಹಿಡಿದಿದ್ದರು, ಕುಡಿಯುತ್ತಿರಲಿಲ್ಲ.

ಹೆಂಗಸರು ಹಟ್ಟಿಯ ದಂಡೆಯ ಮೇಲೆ ನಿಂತಿದ್ದರು. ಅವರ ನಡುವಿನಿಂದ ಮಾಳವ್ವ ಇಳಿದು ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು, ಹೆಜ್ಜೆ ಮಾತ್ರ ತಡವರಿಸಲಿಲ್ಲ. ಬಂಡೆಯ ಅಂಚಿಗೆ ಬಂದು, “ಮಾವಾ, ನೀ ಏಳು. ನಾ ಕುಂದರ್ತೇನಿ,” ಎಂದಳು.

ಗುಜುಗುಜು ಎದ್ದಿತು. ಹೆಂಗಸೊಬ್ಬಳು ಆ ಬಂಡೆಯ ಮೇಲೆ ಆಡಲು ಕೂತದ್ದು ಇರಲಿಲ್ಲ. ಗೌಡರ ಅಣ್ಣನ ಮಗ ಶಿವನಗೌಡ, ಇಪ್ಪತ್ತೈದರ ಬಿಸಿರಕ್ತದ ಯುವಕ, ಇದು ನಡೆಯುವುದಿಲ್ಲ ಎಂದ. ಬೀರಪ್ಪನೂ ಅಳುಕಿದ. ಆಗ ಗೌಡರು ಬಸಿ ಕೆಳಗಿಟ್ಟು ಹೇಳಿದ ಮಾತನ್ನು ನಾನು ಮರೆತಿಲ್ಲ: “ರೂಢಿ ಕೈ ನೋಡತೈತಿ, ಸೀರಿ ನೋಡಂಗಿಲ್ಲ. ಕುಂದ್ರ ತಂಗಿ.”

ನಾನು ಮತ್ತೆ ಬೊಗಸೆ ತುಂಬಿಸಿ ಸುರಿದೆ. ಹತ್ತೊಂಬತ್ತು. ಹಿಂದಿನ ಆಟದಲ್ಲಿ ಸೋತವರು ಮೊದಲು ಎತ್ತಬೇಕು. ಮಾಳವ್ವ ಎರಡು ಎತ್ತಿದಳು. ಗೌಡರು ಮೂರು. ಅವಳು ಒಂದು. ಗೌಡರು ಮತ್ತೆ ಮೂರು, ಕಲ್ಲುಗಳನ್ನು ಕುಲುಕಲಿಲ್ಲ. ಹತ್ತು ಉಳಿದವು. ಅವಳು ಎರಡು ಎತ್ತಿದಳು. ಅಲ್ಲಿಂದ ಗೌಡರು ಮೂರು ಎತ್ತುವುದನ್ನು ಬಿಟ್ಟು ಒಂದಕ್ಕೆ ಇಳಿದರು. ಅದನ್ನು ಜನ ಗಮನಿಸಲಿಲ್ಲ, ನಾನು ಗಮನಿಸಿದೆ. ಏಳು. ಅವಳು ಒಂದು, ಆರು. ಗೌಡರು ಒಂದು, ಐದು.

ಮತ್ತೆ ಅದೇ ಐದು, ಅದೇ ಸರದಿ. ಎಲ್ಲರೂ ಅವಳು ಎರಡು ಎತ್ತುವುದನ್ನೇ ಕಾಯುತ್ತಿದ್ದರು, ಏಕೆಂದರೆ ಅಲ್ಲಿ ಎರಡು ಎತ್ತಿ ಮೂರು ಬಿಡುವುದು ಉಸಿರಾಡುವಷ್ಟು ಸಹಜವಾಗಿತ್ತು. ಮಾಳವ್ವ ಒಂದು ಎತ್ತಿದಳು. ನಾಲ್ಕು ಉಳಿದವು.

ಗೌಡರು ಅವಳನ್ನು ನೋಡಿದರು. ಅವಳು ಕಲ್ಲುಗಳನ್ನು ನೋಡುತ್ತಿದ್ದಳು. ಗೌಡರು ಒಂದು ಎತ್ತಿ ಮೂರು ಉಳಿಸಿದರು. ಅವಳ ಮುಂದೆ ಈಗ ಮೂರು. ಎರಡು ಎತ್ತಿದರೆ ಉಳಿದೊಂದು ಗೌಡರದು, ಶಾಲೆ ಗುಡಿಯ ಹಿಂದೆ. ಒಂದು ಎತ್ತಿದರೆ… ಮಾಳವ್ವ ಒಂದೇ ಒಂದು ಕಲ್ಲು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಗೌಡರ ಮುಂದೆ ಎರಡು ಕಲ್ಲು ಉಳಿದವು.

ಬೀರಪ್ಪ ಕಣ್ಣು ಮುಚ್ಚಿಕೊಂಡಿದ್ದ. ಶಿವನಗೌಡ ಎದ್ದು ನಿಂತು, “ಕಾಕಾ, ಏಳ್ರಿ. ನಿಮ್ಮ ಮುಂದ ಎರಡು ಇಟ್ಟಾಳ. ಇದೂ ಒಂದು ಆಟ ಏನು?” ಎಂದ. ಊರ ಕಡೆಯ ನಾಲ್ಕಾರು ಮಂದಿ ಅವನೊಂದಿಗೆ ಎದ್ದರು. ಗೌಡರು ಒಂದು ಹೆಜ್ಜೆ ಇಟ್ಟು ಬಂಡೆ ಇಳಿದರೆ ಎಲ್ಲ ಮುಗಿಯಿತು. ತೀರ್ಪಿಲ್ಲ, ಠರಾವಿಲ್ಲ, ಕಟ್ಟಡವಿಲ್ಲ.

ಮಾಳವ್ವ ಆಗ ಮೊದಲ ಸಲ ತಲೆ ಎತ್ತಿದಳು. “ಗೌಡ್ರ, ತಪ್ಪಿದ್ದರ ನೀವ ಹೇಳ್ರಿ. ಒಂದರೆ ಎರಡರೆ ಎತ್ತಬೇಕು ಅಂತೈತಿ ರೂಢಿ. ನಾ ಒಂದು ಎತ್ತೇನಿ. ಎಷ್ಟು ಬಿಡಬೇಕು ಅಂತ ರೂಢ್ಯಾಗ ಐತೇನ್ರಿ?”

ಗೌಡರು ಕೈ ಎತ್ತಿ ಶಿವನಗೌಡನನ್ನು ಕೂರಿಸಿದರು. ಆಮೇಲೆ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದಂತೆ, ಅದೇ ಮೆಲುದನಿಯಲ್ಲಿ ಹೇಳಿದರು:

“ನಮ್ಮಪ್ಪ ಹಾಸಿಗಿ ಹಿಡದಾಗ ನನ್ನ ಕರೆದು ಹೇಳಿದ್ದ. ಅವರು ಮೂರು ಬಿಡೂತನಕ ನಮ್ಮ ಕೈ ದೊಡ್ಡದು. ಎಂದಾದ್ರೂ ಎರಡು ಬಿಟ್ರ, ಒಂದು ಎತ್ತಿ ಮನಿಗಿ ಬಾ, ಜಗಳಾ ತಗೀಬ್ಯಾಡ ಅಂತ.”

ಹೇಳಿ, ಒಂದು ಕಲ್ಲು ಎತ್ತಿದರು. ಉಳಿದ ಒಂದನ್ನು ಮಾಳವ್ವ ಎತ್ತಿದಳು.

ಕೇಕೆ, ಹಲಗೆಯ ಸದ್ದು ಯಾವುದೂ ಏಳಲಿಲ್ಲ. ಹಟ್ಟಿಯವರಿಗೆ ತಾವು ಗೆದ್ದೆವೆಂದು ತಿಳಿಯಲು ಹೊತ್ತು ಹಿಡಿಯಿತು. ನನ್ನನ್ನು ಅಲುಗಿಸಿದ್ದು ಗೆಲುವಲ್ಲ, ಗೌಡರ ಮಾತು. ಮಧ್ಯಾಹ್ನ ಪಾಟಿಯ ಮೇಲೆ ಏನೋ ಹೊಸದು ಕಂಡುಹಿಡಿದೆನೆಂದು ಕುಣಿದಿದ್ದೆ. ಆ ಮನೆಯಲ್ಲಿ ಅದು ತಂದೆಯಿಂದ ಮಗನಿಗೆ ಬಂದ ಮಾತಾಗಿತ್ತು. ದೊಡ್ಡ ಕೈ ದೊಡ್ಡದಲ್ಲವೆಂದು ದೊಡ್ಡ ಕೈಯವರಿಗೆ ಗೊತ್ತಿತ್ತು. ಎದುರಿನವರು ಮರ್ಯಾದೆ ಬಿಡುವವರಲ್ಲ ಎಂಬುದೂ ಗೊತ್ತಿತ್ತು. ಆಟ ನಿಂತದ್ದು ಅದರ ಮೇಲೆ.

ಬಂಡೆಯ ಮೇಲೆಯೇ ಠರಾವು ಬರೆದೆ. ಮೊದಲ ಸಹಿ ಗೌಡರದು. ಬೀರಪ್ಪ ಹೆಬ್ಬೆಟ್ಟು ಒತ್ತುವಾಗ, ತಪ್ಪಾತ್ರಿ ಗೌಡ್ರ ಎಂದು ಗೊಣಗಿದ. ಕೊನೆಗೆ ನಾನು ಸಹಿ ಮಾಡಿದೆ.

ಹೊರಡುವ ಮುಂಚೆ ಮಾಳವ್ವನನ್ನು ಕೇಳಿದೆ, ಎರಡು ಬಿಡಬೇಕೆಂದು ಯಾರಾದರೂ ಹೇಳಿದ್ದರೇ ಎಂದು. ಅವಳು ಮಾಸ್ತರರ ಕಡೆ ತಿರುಗಿಯೂ ನೋಡಲಿಲ್ಲ. “ಯಾರ ಹೇಳ್ತಾರ್ರಿ? ಎರಡು ಬಿಡಬಾರದು ಅಂತ ಮಾವ ನಿಮ್ಮ ಮುಂದ ಅಂದ್ನಲ್ಲ. ಬಿಡಬ್ಯಾಡ ಬಿಡಬ್ಯಾಡ ಅಂತ ಇಷ್ಟು ತಲಿಮಾರು ಕಾಯ್ಕೊಂಡ ಬಂದಾರ ಅಂದ್ರ, ಅದರಾಗ ಏನರೆ ಇರಬೇಕು ಅನಸ್ತು. ನೋಡಿ ಬಿಡೂನು ಅಂತ ಬಿಟ್ನಿ.”

ನನ್ನ ಲೆಕ್ಕ ಒಂದು ಪಾಟಿ ತುಂಬ ಇತ್ತು. ಅವಳದು ಇಷ್ಟೇ.

ಕಟ್ಟಡ ಹಳ್ಳದಾಚೆ ಎದ್ದಿತು. ಮುಂದಿನ ಮಳೆಗಾಲದಲ್ಲಿ ಹೊನ್ನವ್ವನ ಹೆಸರು ಹಾಜರಿಯಲ್ಲಿ ಉಳಿಯಿತು; ಊರ ಮಕ್ಕಳ ಹೆಸರು ತೆಗೆಯುವ ಪ್ರಸಂಗ ಬಂತು. ಆಗಲೇ ಹಳ್ಳಕ್ಕೆ ಒಂದು ಕಾಲುಸೇತುವೆ ಬೇಕೆಂದು ಊರ ಕಡೆಯಿಂದ ಅರ್ಜಿ ಹೋಯಿತು. ಅಷ್ಟು ವರ್ಷ ಯಾರಿಗೂ ಹೊಳೆಯದ ಸೇತುವೆ! ಅದಕ್ಕಾಗಿ ಇಂಡಿಗೂ ವಿಜಾಪುರಕ್ಕೂ ತಿರುಗಿದವನು ಶಿವನಗೌಡ. ಹಟ್ಟಿಯವರ ಮೇಲೆ ಅವನ ಮುನಿಸು ಇಳಿದಿರಲಿಲ್ಲ, ಆದರೆ ಸೇತುವೆ ಇಬ್ಬರಿಗೂ ಆಯಿತು.

1976ರ ಬೇಸಿಗೆಯಲ್ಲಿ ನನಗೆ ಸಿಂದಗಿಗೆ ವರ್ಗವಾಯಿತು. ಹೋಗುವ ಮುಂಚೆ ಆ ಶಾಲೆ ನೋಡಿ ಬರೋಣವೆಂದು ಹೋದೆ. ಅಂದು ಬಂಡೆಯ ಮೇಲೆ ಮತ್ತೆ ಆಟ ಕೂಡಿತ್ತು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವ ಕಾಲ. ಹಟ್ಟಿಯ ಹಿಂಡು ಮೊದಲು ಗೌಡರ ಹೊಲದಲ್ಲಿ ನಿಲ್ಲಬೇಕೋ ಹಟ್ಟಿಯವರ ತುಂಡು ಹೊಲಗಳಲ್ಲೋ ಎಂಬ ಸಣ್ಣ ವಿಷಯ. ಗೌಡರೂ ಮಾಳವ್ವನೂ ಕೂತಿದ್ದರು. ನಾನು ಹೋಗುವಷ್ಟರಲ್ಲಿ ಐದು ಕಲ್ಲು ಉಳಿದು ಅವಳ ಸರದಿ ಬಂದಿತ್ತು. ಈಗ ಎಲ್ಲರಿಗೂ ಎಲ್ಲವೂ ಗೊತ್ತು. ಒಂದು ಎತ್ತಿದರೆ ಅವಳದೇ ಗೆಲುವು. ಮಾಳವ್ವ ಎರಡು ಎತ್ತಿ ಮೂರು ಬಿಟ್ಟಳು.

ಅವಳ ಹಿಂದಿದ್ದವರು ಏನಿದು ಎಂದು ಕೂಗಿದಾಗ, “ಸಾಲಿ ಬ್ಯಾರೆ, ಕುರಿ ಬ್ಯಾರೆ. ಇದು ನಾ ಬಿಟ್ಟದ್ದು,” ಎಂದಳು.

ಗೌಡರು ಆ ಮೂರು ಕಲ್ಲುಗಳನ್ನು ನೋಡಿ ಒಳಗೊಳಗೇ ನಕ್ಕರು. ಹಿಡಿಗೆ ಬಂದಿದ್ದ ಗೆಲುವು. ಅವರು ಒಂದೇ ಕಲ್ಲು ಎತ್ತಿ, ಉಳಿದ ಎರಡನ್ನು ಬೆರಳಿನಿಂದ ಅವಳ ಕಡೆ ಸರಿಸಿದರು.

ಆಮೇಲೆ ನಾನು ಎಷ್ಟೋ ಊರುಗಳ ತಂಟೆ ತಕರಾರುಗಳಲ್ಲಿ ಸಾಕ್ಷಿಯಾಗಿ ಕೂತೆ. ನಿಯಮ ಏನಿದೆ ಎಂದು ಕೇಳುವುದನ್ನು ಬಿಡಲಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ: ನಿಯಮದಲ್ಲಿ ಇಲ್ಲದಿದ್ದರೂ ನೀವು ಮಾಡಲಾರದ್ದು ಯಾವುದು? ಯಾರಿಗೆ ಎಷ್ಟು ಸಿಗುತ್ತದೆಂಬುದು ಹೆಚ್ಚಾಗಿ ಆ ಎರಡನೆಯ ಉತ್ತರದಲ್ಲಿ ಇರುತ್ತಿತ್ತು. ಎರಡು ಬಿಡಬಹುದೆಂದು ತಿಳಿದ ಮೇಲೂ ಮೂರು ಬಿಟ್ಟರೆ ಅದು ಮರ್ಯಾದೆ. ಅದಕ್ಕೂ ಮುಂಚೆ ಬಿಟ್ಟದ್ದನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಹೊಳೆದಿಲ್ಲ.